ಒಂದೇ ಕೆಲಸಕ್ಕೆ ಎರಡು ಕೂಲಿ: ಕಾರ್ಮಿಕ ಸಂಘಗಳಿಂದ ನಾವು ತಿಳಿಯಬೇಕಾದದ್ದು



ಕಳೆದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರಗಳ ಮಂಡನೆ ಮುಗಿದ ಮೇಲೆ ಚರ್ಚೆ ಕೂಲಿಯ ಕಡೆಗೆ ತಿರುಗಿದ್ದು ತಮಗೆ ನೆನಪಿರಬಹುದು. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಆಳು ಸಿಗುವುದೇ ಕಷ್ಟವಾಗಿದೆ. ಸಿಕ್ಕಿದವರಿಗೆ ಕೇಳಿದಷ್ಟು ಕೊಡುತ್ತಿದ್ದೇವೆ. ಇನ್ನು ಸಂಘ, ಸಮಾನ ಅವಕಾಶ ಎಂಬ ಮಾತೆಲ್ಲ ನಮ್ಮಂಥ ಮೂರು ನಾಲ್ಕು ಎಕರೆಯವರಿಗೆ ಏತಕ್ಕೆ?" ಎಂದು ಕೇಳಿದರು. ಪ್ರಶ್ನೆ ಪ್ರಾಮಾಣಿಕವಾದದ್ದು. ಊಟದ ಹೊತ್ತು ಮೀರಿದ್ದರಿಂದ, ಉತ್ತರವನ್ನು ಪತ್ರಿಕೆಯಲ್ಲಿ ಬರೆಯುತ್ತೇವೆಂದು ಹೇಳಿ ಅಂದು ತಪ್ಪಿಸಿಕೊಂಡೆವು.

ಮನೆಗೆ ಬಂದು ನಮ್ಮದೇ ತೋಟದ ಚೆಕ್‌ರೋಲ್ ತೆಗೆದು ನೋಡಿದೆವು. ತಂದೆಯವರ ಕಾಲದಿಂದ ಬಂದ ರೂಢಿಯಂತೆ ಪುಟದ ಎಡಕ್ಕೆ ಗಂಡಾಳು, ಬಲಕ್ಕೆ ಹೆಣ್ಣಾಳು. ಮರಗಸಿಯ ದಿನ, ಔಷಧಿ ಹೊಡೆದ ದಿನ ಬಲಗಡೆ ಖಾಲಿ. ಆದರೆ ಚಿಗುರು ತೆಗೆದ ದಿನ, ಗೊಬ್ಬರ ಹಾಕಿದ ದಿನ, ಕಳೆ ತೆಗೆದ ದಿನ ಎರಡೂ ಕಡೆ ಹೆಸರುಗಳಿವೆ. ಕೆಲಸ ಒಂದೇ, ಕೂಲಿ ಎರಡು.

ಕೆಲವು ವರ್ಷಗಳ ಹಿಂದೆ ಒಂದು ಬಟವಾಡೆಯ ಸಂಜೆ, ನಮ್ಮಲ್ಲಿ ಬಹುಕಾಲದಿಂದ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳೊಬ್ಬಳು ಹಣ ಎಣಿಸಿಕೊಳ್ಳುತ್ತಾ, "ಸಾವ್ಕಾರ್ರೆ, ಅವನೂ ಒಂದು ಸಾಲು ಚಿಗುರು ತೆಗ್ದ, ನಾನೂ ಒಂದು ಸಾಲು ತೆಗ್ದೆ. ತೆಗ್ದಿದ್ದು ಗಂಡಸೋ ಹೆಂಗಸೋ ಅಂತ ಗಿಡಕ್ಕೇನು ಗೊತ್ತು?" ಎಂದಳು. ನಾವು ನಕ್ಕು, "ಊರಲ್ಲೆಲ್ಲ ಇರೋ ರೂಢಿ ಕಣಮ್ಮ" ಎಂದು ಹೇಳಿ ಪೆಟ್ಟಿಗೆ ಮುಚ್ಚಿದೆವು. ಮರುವರ್ಷ ಆಕೆ ನಮ್ಮ ತೋಟಕ್ಕೆ ಬರಲಿಲ್ಲ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಹುಡುಕುತ್ತಾ ಹೋದಾಗ ತಿಳಿದುಬಂದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಸಂಘ, ಅವರ ಸಂಘ

ಕಾರ್ಮಿಕ ಸಂಘವೆಂದ ಕೂಡಲೇ ನಮ್ಮಲ್ಲಿ ಬಹುಮಂದಿಗೆ ಬಾವುಟ, ಘೋಷಣೆ, ಕೊಯ್ಲಿನ ಹೊತ್ತಿಗೆ ಕೆಲಸ ನಿಲ್ಲಿಸುವುದು ಇವಿಷ್ಟೇ ಕಣ್ಣಮುಂದೆ ಬರುತ್ತವೆ. ನಾವು ಸಹಕಾರಿಗಳು ಹಾಗೆ ಭಾವಿಸುವುದು ಸರಿಯಲ್ಲ. ನಮ್ಮ ಸಂಘಗಳು ಏಕೆ ಹುಟ್ಟಿದವು ಎಂಬುದನ್ನು ಸ್ವಲ್ಪ ನೆನೆಯೋಣ. ಬೆಳೆಗಾರನು ಒಬ್ಬೊಬ್ಬನಾಗಿ ವ್ಯಾಪಾರಿಯ ಮಂಡಿಗೆ ಹೋದಾಗ ಧಾರಣೆ ಮಾಲಿಗೆ ಕಟ್ಟುತ್ತಿರಲಿಲ್ಲ, ಮುಖಕ್ಕೆ ಕಟ್ಟುತ್ತಿತ್ತು. ಸಾಲವಿದ್ದವನಿಗೆ ಒಂದು ದರ, ಇಲ್ಲದವನಿಗೆ ಇನ್ನೊಂದು. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದಾಗ, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕಾಫಿಯಲ್ಲಿ 1940ರ ದಶಕದಿಂದ 1990ರ ದಶಕದ ಮಧ್ಯದವರೆಗೂ ಕಾಫಿ ಮಂಡಳಿಯ ಪೂಲ್ ಪದ್ಧತಿಯಿತ್ತು. ಹಣ ಕೈಸೇರುವುದು ತಡವಾಗುತ್ತಿತ್ತೆಂದು ನಾವೆಲ್ಲ ಗೊಣಗಿದ್ದುಂಟು. ಆದರೆ ಒಂದು ಗುಣವನ್ನು ಒಪ್ಪಲೇಬೇಕು: ದರ್ಜೆ ಒಂದೇ ಆದರೆ ನೂರು ಎಕರೆಯವನ ಕಾಫಿಗೂ ಎರಡು ಎಕರೆಯವನ ಕಾಫಿಗೂ ಪಾಯಿಂಟ್ ಒಂದೇ ಆಗಿತ್ತು.

ನಾವು ನಮ್ಮ ಮಾಲಿಗೆ ಕೇಳಿದ್ದನ್ನೇ ಕಾರ್ಮಿಕ ಸಂಘ ದುಡಿಮೆಗೆ ಕೇಳುತ್ತದೆ. ಕೂಲಿಯು ಕೆಲಸಕ್ಕೆ ಕಟ್ಟಬೇಕು. ಮಾಡುವವನ ಜಾತಿ, ಊರು, ಭಾಷೆ, ಗಂಡು ಹೆಣ್ಣೆಂಬ ಭೇದಕ್ಕೆ ಕಟ್ಟಬಾರದು. ಸಂಘದ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಬೇಕಾದರೆ ಇದೇ.

ಸಂಘವು ಇದನ್ನು ಹೇಗೆ ಮಾಡುತ್ತದೆ?

ಮೊದಲನೆಯದು, ಒಪ್ಪಂದ. ಪ್ರತಿ ಕೆಲಸಕ್ಕೂ ದರವನ್ನು ಕಾಗದದ ಮೇಲೆ ಬರೆಸುವುದು. ಬರೆದ ದರ ಎಲ್ಲರಿಗೂ ಕಾಣುತ್ತದೆ; ಗುಟ್ಟಿನ ದರದಲ್ಲಿ ತಾರತಮ್ಯ ಅಡಗಿಕೊಳ್ಳುತ್ತದೆ.

ಎರಡನೆಯದು, ಬಡ್ತಿಯ ಕ್ರಮ. ಮೇಸ್ತ್ರಿ ಯಾರಾಗಬೇಕು, ಪಲ್ಪರ್ ಯಂತ್ರ ಯಾರು ನಡೆಸಬೇಕು, ತೂಕ ಯಾರು ಬರೆಯಬೇಕು ಎಂಬುದನ್ನು ರೈಟರ ಇಷ್ಟಕ್ಕೆ ಬಿಡದೆ ಸೇವೆಯ ಹಿರಿತನ ಮತ್ತು ಕೆಲಸದ ತಿಳಿವಳಿಕೆಯ ಮೇಲೆ ನಿರ್ಧರಿಸುವಂತೆ ಕೇಳುವುದು. ಮೂವತ್ತು ವರ್ಷ ಹಣ್ಣು ಕೊಯ್ದ ಹೆಂಗಸು ಮೂವತ್ತನೆಯ ವರ್ಷವೂ ಕೊಯ್ಯುತ್ತಲೇ ಇದ್ದು, ನಿನ್ನೆ ಬಂದ ಹುಡುಗ ಆಕೆಯ ಬುಟ್ಟಿ ತೂಗುವವನಾಗುವುದನ್ನು ನಾವು ಎಷ್ಟು ಕಡೆ ನೋಡಿಲ್ಲ!

ಮೂರನೆಯದು, ದೂರು ಹೇಳಿಕೊಳ್ಳುವ ದಾರಿ. ಒಂಟಿಯಾಗಿ ದೂರಿದವನು ಕೆಲಸ ಕಳೆದುಕೊಳ್ಳುತ್ತಾನೆ. ಸಂಘದ ಮೂಲಕ ಬಂದ ದೂರಿಗೆ ಉತ್ತರ ಕೊಡಬೇಕಾಗುತ್ತದೆ. ಇಪ್ಪತ್ತು ಮತ್ತು ಅದಕ್ಕೂ ಹೆಚ್ಚು ಕಾರ್ಮಿಕರಿರುವ ಕಡೆ ದೂರು ಪರಿಹಾರ ಸಮಿತಿ ಇರಬೇಕೆಂದೂ, ಒಟ್ಟು ಕಾರ್ಮಿಕರಲ್ಲಿ ಹೆಂಗಸರ ಪ್ರಮಾಣ ಎಷ್ಟಿದೆಯೋ ಅದಕ್ಕೆ ಕಡಮೆಯಾಗದಂತೆ ಸಮಿತಿಯಲ್ಲಿ ಹೆಂಗಸರಿರಬೇಕೆಂದೂ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಹೇಳುತ್ತದೆ.

ನಾಲ್ಕನೆಯದು, ಸೌಕರ್ಯಗಳು. ತೊಟ್ಟಿಲ ಮಗುವನ್ನು ಬಿಡಲು ಜಾಗವಿಲ್ಲದ ತಾಯಿಗೆ ಸಮಾನ ಅವಕಾಶ ಎಂಬುದು ಕಾಗದದ ಮಾತು. ಐವತ್ತು ಮತ್ತು ಅದಕ್ಕೂ ಹೆಚ್ಚು ಹೆಂಗಸರು ಕೆಲಸ ಮಾಡುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯಲ್ಲೇ ಹೇಳಿತ್ತು. ಕಾಯಿದೆ ಇದ್ದ ಮಾತ್ರಕ್ಕೆ ಶಿಶುವಿಹಾರ ನಡೆಯುವುದಿಲ್ಲ. ಬಾಗಿಲು ತೆಗೆದಿದೆಯೇ, ಹಾಲು ಬಂದಿದೆಯೇ ಎಂದು ದಿನವೂ ಕೇಳುವವರಿರಬೇಕು. ಸಂಘ ಗಟ್ಟಿಯಾಗಿದ್ದ ಕಡೆ ಕೇಳುವವರಿದ್ದರು.

ಐದನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಯಾರನ್ನೂ ಹೊರಗೆ ಬಿಡದೆ ಸೇರಿಸಿಕೊಳ್ಳುವುದು. ಈ ಐದನೆಯದು ಇಲ್ಲದಿದ್ದರೆ ಮೊದಲ ನಾಲ್ಕೂ ನಿಲ್ಲುವುದಿಲ್ಲ. ಇದನ್ನು ಸ್ಪಷ್ಟವಾಗಿ ತೋರಿಸುವ ಒಂದು ಚರಿತ್ರೆ ನಮ್ಮಂತೆಯೇ ತೋಟಗಳ ನಾಡಾದ ಹವಾಯಿ ದ್ವೀಪಗಳದ್ದು. ದೂರದ ಕಥೆಯಾದರೂ ಅದರಲ್ಲಿನ ಲೈನ್ ಮನೆ, ಮೇಸ್ತ್ರಿ, ಬಟವಾಡೆ ಎಲ್ಲವೂ ನಮಗೆ ಪರಿಚಿತವೇ.

ಹವಾಯಿಯ ಕಬ್ಬಿನ ತೋಟಗಳು

ಪೆಸಿಫಿಕ್ ಸಾಗರದ ನಡುವಿನ ಈ ದ್ವೀಪಗಳಲ್ಲಿ ಕಬ್ಬಿನ ತೋಟಗಳು ಬೆಳೆದಂತೆ ಮಾಲೀಕರು ಹೊರಗಿನಿಂದ ಕೂಲಿಗಳನ್ನು ಕರೆಸಿದರು. 1852ರಲ್ಲಿ ಚೀನೀಯರು, 1878ರಿಂದ ಪೋರ್ಚುಗೀಸರು, 1885ರಿಂದ ದೊಡ್ಡ ಸಂಖ್ಯೆಯಲ್ಲಿ ಜಪಾನೀಯರು, 1900ರಲ್ಲಿ ಪೋರ್ಟೊರಿಕೊದವರು, 1903ರಲ್ಲಿ ಕೊರಿಯನ್ನರು, 1906ರಿಂದ ಫಿಲಿಪೈನ್ಸಿನವರು ಹೀಗೆ ಬಂದರು. ಒಂದೊಂದು ಜನಾಂಗಕ್ಕೆ ಒಂದೊಂದು ಲೈನು. ಅವರ ಮೇಲೆ 'ಲೂನಾ' ಎಂದು ಕರೆಯುತ್ತಿದ್ದ ಮೇಸ್ತ್ರಿಗಳು. ಕೂಲಿಯೂ ಜನಾಂಗಕ್ಕೆ ತಕ್ಕಂತೆ. ಒಂದೇ ಕೆಲಸಕ್ಕೆ ಪೋರ್ಚುಗೀಸರಿಗೆ, ಪೋರ್ಟೊರಿಕೊದವರಿಗೆ ತಿಂಗಳಿಗೆ ಇಪ್ಪತ್ತೆರಡೂವರೆ ಡಾಲರ್, ಜಪಾನೀಯರಿಗೆ ಹದಿನೆಂಟು.

1909ರಲ್ಲಿ ಒವಾಹು ದ್ವೀಪದ ಸುಮಾರು ಏಳು ಸಾವಿರ ಜಪಾನೀ ಕಾರ್ಮಿಕರು ಸಮಾನ ಕೂಲಿ ಕೇಳಿ ಕೆಲಸ ನಿಲ್ಲಿಸಿದರು. ಮಾಲೀಕರು ಬೇರೆ ಜನಾಂಗದವರನ್ನು ಹೆಚ್ಚಿನ ದಿನಗೂಲಿಗೆ ಕರೆಸಿ ಕೆಲಸ ನಡೆಸಿದರು. ಮುಂದಾಳುಗಳು ಸೆರೆಮನೆಗೆ ಹೋದರು. ನಾಲ್ಕು ತಿಂಗಳ ಮುಷ್ಕರ ಮುರಿಯಿತು. ಮುಷ್ಕರ ಮುಗಿದ ಕೆಲವು ತಿಂಗಳಲ್ಲಿ ಮಾಲೀಕರು ತಾವಾಗಿಯೇ ಜನಾಂಗವಾರು ಕೂಲಿ ಭೇದವನ್ನು ತೆಗೆದರೆಂಬುದು ನಿಜ. ಆದರೆ ಅದು ಕೊಟ್ಟದ್ದು, ಗೆದ್ದದ್ದಲ್ಲ. ಸಂಘಕ್ಕೆ ಮಾನ್ಯತೆ ಸಿಗಲಿಲ್ಲ.

1920ರಲ್ಲಿ ಜಪಾನೀ ಮತ್ತು ಫಿಲಿಪಿನೋ ಕಾರ್ಮಿಕರು ಒಟ್ಟಾಗಿ ಮುಷ್ಕರ ಹೂಡಿದರು. ಎಂಟು ಸಾವಿರಕ್ಕೂ ಹೆಚ್ಚು ಜನ. ಇನ್ಫ್ಲುಯೆಂಜಾ ಜ್ವರದ ಕಾಲದಲ್ಲೇ ಅವರನ್ನು ಸಂಸಾರಸಮೇತ ಮನೆಗಳಿಂದ ಹೊರಹಾಕಲಾಯಿತು. ಒಟ್ಟಾಗಿ ನಿಂತರೂ ಸಂಘಗಳು ಎರಡು, ನಾಯಕರು ಬೇರೆ ಬೇರೆ, ನಡುವೆ ಅಪನಂಬಿಕೆ. ಆರು ತಿಂಗಳಿಗೆ ಸೋತರು. 1924ರಲ್ಲಿ ಫಿಲಿಪಿನೋಗಳು ತಾವೇ ಮುಷ್ಕರ ಹೂಡಿದಾಗ ಕವಾಯಿ ದ್ವೀಪದ ಹನಪೇಪೆ ಎಂಬಲ್ಲಿ ಹದಿನಾರು ಕಾರ್ಮಿಕರೂ ನಾಲ್ವರು ಪೊಲೀಸರೂ ಸತ್ತರು.

ಪಾಠ ಕಲಿತದ್ದು 1940ರ ದಶಕದಲ್ಲಿ. ಹಡಗುಕಟ್ಟೆ ಕಾರ್ಮಿಕರ ದೊಡ್ಡ ಸಂಘವೊಂದು ತೋಟಗಳಿಗೆ ಬಂದು ಎಲ್ಲ ಜನಾಂಗದವರನ್ನೂ ಒಂದೇ ಪುಸ್ತಕದಲ್ಲಿ ಸದಸ್ಯರನ್ನಾಗಿ ಮಾಡಿಕೊಂಡಿತು. ಸಭೆಯ ಮಾತುಗಳನ್ನು ಆಯಾ ಭಾಷೆಗೆ ಅನುವಾದಿಸಿ ಹೇಳುತ್ತಿದ್ದರು. ಸಮಿತಿಗಳಲ್ಲಿ ಎಲ್ಲರಿಗೂ ಜಾಗ. 1946ರಲ್ಲಿ ಮಾಲೀಕರು ಸುಮಾರು ಆರು ಸಾವಿರ ಫಿಲಿಪಿನೋ ಕೂಲಿಗಳನ್ನು ಹೊಸದಾಗಿ ಕರೆಸಿದಾಗ, ಸಂಘದವರು ಅವರಿಗೆ ಹಡಗಿನಲ್ಲೇ ಸದಸ್ಯತ್ವ ಕೊಟ್ಟರು. ಹಿಂದೆ ಇಂಥವರೇ ಮುಷ್ಕರ ಮುರಿಯಲು ಬರುತ್ತಿದ್ದವರು; ಈ ಸಲ ದಡ ಮುಟ್ಟುವ ಮೊದಲೇ ಒಳಗಿನವರಾದರು. ಅದೇ ವರ್ಷ ಸೆಪ್ಟೆಂಬರ್ 1ರಂದು ಆರಂಭವಾದ ಮುಷ್ಕರದಲ್ಲಿ 34 ತೋಟಗಳ ಪೈಕಿ 33ರ ಸುಮಾರು 26,000 ಕಾರ್ಮಿಕರು ಇದ್ದರು. 79 ದಿನ ಸಾಮೂಹಿಕ ಅಡಿಗೆಮನೆಯಲ್ಲಿ ಉಂಡು ನಿಂತರು, ಗೆದ್ದರು.

ಇದರಲ್ಲಿ ನಮಗೆ ಹತ್ತಿರದ ಒಂದು ಎಳೆಯೂ ಇದೆ. ಆ ಕಬ್ಬಿನ ತೋಟಗಳನ್ನು ಬಿಟ್ಟುಹೋದ ಎಷ್ಟೋ ಜಪಾನೀ ಸಂಸಾರಗಳು ಕೋನಾ ಎಂಬ ಬೆಟ್ಟದ ಮಗ್ಗುಲಲ್ಲಿ ನಾಲ್ಕೈದು ಎಕರೆ ಗೇಣಿಗೆ ಹಿಡಿದು ಕಾಫಿ ಬೆಳೆದವು. ಇಂದು ಹೆಸರುವಾಸಿಯಾದ ಕೋನಾ ಕಾಫಿಯನ್ನು ಉಳಿಸಿದವರು ಅಂಥ ಸಣ್ಣ ಬೆಳೆಗಾರರು. ನಿನ್ನೆಯ ಕೂಲಿ ಇಂದಿನ ಬೆಳೆಗಾರನಾದ.

ನಮ್ಮ ತೋಟಗಳಲ್ಲಿ

ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳ ಚರಿತ್ರೆಯೂ ಬಹಳ ಬೇರೆಯಲ್ಲ. ತಮಿಳು ಸೀಮೆಯಿಂದ ಬಂದವರು, ಕರಾವಳಿಯಿಂದ ಘಟ್ಟ ಹತ್ತಿ ಬಂದವರು, ಕೊಡಗಿನ ಯರವರು, ಕುರುಬರು ಇವರೆಲ್ಲರ ದುಡಿಮೆಯಿಂದ ತೋಟಗಳು ಎದ್ದವು. ಮುಂಗಡ ಕೊಟ್ಟು ಆಳು ತರುವ ಮೇಸ್ತ್ರಿ, ಆ ಮೇಸ್ತ್ರಿಯ ಗುಂಪಿಗೊಂದು ಲೈನು. ಒಂದು ಲೈನಿನವರ ಕಷ್ಟ ಇನ್ನೊಂದು ಲೈನಿನವರಿಗೆ ತಿಳಿಯದು. ಸ್ವಾತಂತ್ರ್ಯದ ನಂತರ ಸಂಘಗಳು ಬಂದವು. 1951ರ ತೋಟ ಕಾರ್ಮಿಕರ ಕಾಯಿದೆ 1954ರಲ್ಲಿ ಜಾರಿಯಾಗಿ ಮನೆ, ನೀರು, ಔಷಧೋಪಚಾರ, ಶಿಶುವಿಹಾರಗಳ ಹೊಣೆ ಮಾಲೀಕರ ಮೇಲೆ ಬಿತ್ತು. ಆದರೆ ಕೂಲಿಯಲ್ಲಿ ಗಂಡು ಹೆಣ್ಣಿನ ಭೇದ ಹಾಗೆಯೇ ಉಳಿಯಿತು. ಆ ಕಾಲದ ಕನಿಷ್ಠ ಕೂಲಿಯ ಪ್ರಕಟಣೆಗಳಲ್ಲೇ ಗಂಡಸಿಗೆ ಒಂದು ಅಂಕಿ, ಹೆಂಗಸಿಗೆ ಅದಕ್ಕಿಂತ ಕಡಮೆಯ ಇನ್ನೊಂದು ಅಂಕಿ ಅಚ್ಚಾಗುತ್ತಿತ್ತು.

ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1951ರ ಒಡಂಬಡಿಕೆಯನ್ನು ಭಾರತ 1958ರಲ್ಲಿ ಒಪ್ಪಿತ್ತು. ಒಪ್ಪಿದ್ದು ಕಾಯಿದೆಯಾಗಲು ಹದಿನೇಳು ವರ್ಷ ಬೇಕಾಯಿತು. ಅಂತರರಾಷ್ಟ್ರೀಯ ಮಹಿಳಾ ವರ್ಷವಾದ 1975ರ ಸೆಪ್ಟೆಂಬರ್ 26ರಂದು ಸುಗ್ರೀವಾಜ್ಞೆ ಹೊರಟಿತು. 1976ರಲ್ಲಿ ಅದು ಸಮಾನ ವೇತನ ಕಾಯಿದೆಯಾಯಿತು. ಸದಸ್ಯರು ಗಮನಿಸಬೇಕಾದ ಸಂಗತಿಯೆಂದರೆ, ದೇಶದಲ್ಲಿ ಇದು ಮೊಟ್ಟಮೊದಲು ಜಾರಿಗೆ ಬಂದದ್ದು ತೋಟಗಳಲ್ಲಿ, 1975ರ ಅಕ್ಟೋಬರ್ 15ರಂದು. ಸರಕಾರಿ ಕಚೇರಿಗಳಿಗೂ ಬ್ಯಾಂಕುಗಳಿಗೂ ಅದು ಬಂದದ್ದು ಆಮೇಲೆ.

1987ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ ಬಡ್ತಿ, ತರಬೇತಿ, ವರ್ಗಾವಣೆಗಳಲ್ಲೂ ಭೇದ ಮಾಡಬಾರದೆಂದಾಯಿತು. ಈಗ ಆ ಕಾಯಿದೆ ಪ್ರತ್ಯೇಕವಾಗಿ ಇಲ್ಲ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದ್ದು, ಸಮಾನ ವೇತನದ ತತ್ವ ಅದರಲ್ಲಿ ಸೇರಿದೆ. ಒಂದೇ ಕೆಲಸ ಅಥವಾ ಒಂದೇ ಬಗೆಯ ಕೆಲಸವೆಂದರೆ ಯಾವುದು ಎಂಬುದಕ್ಕೆ ಅಳತೆಗೋಲು ನಾಲ್ಕು: ಬೇಕಾದ ನೈಪುಣ್ಯ, ಶ್ರಮ, ಅನುಭವ, ಹೊಣೆಗಾರಿಕೆ. 'ಹಗುರ ಕೆಲಸ', 'ಭಾರದ ಕೆಲಸ' ಎಂದು ಬರಿಯ ಹೆಸರಿಟ್ಟು ಹೆಂಗಸರನ್ನೆಲ್ಲ ಹಗುರದ ಪಟ್ಟಿಗೆ ಹಾಕಿದರೆ ಈ ಅಳತೆಗೆ ನಿಲ್ಲದು. ಸಮ ಮಾಡುವುದಕ್ಕಾಗಿ ಗಂಡಾಳಿನ ಕೂಲಿಯನ್ನು ಇಳಿಸುವುದಕ್ಕೂ ಅವಕಾಶವಿಲ್ಲ.

ಸಂಘವೂ ತಪ್ಪುವುದುಂಟು

ಇಷ್ಟು ಬರೆದ ಮಾತ್ರಕ್ಕೆ ಕಾರ್ಮಿಕ ಸಂಘಗಳೆಲ್ಲ ಸಮತೆಯ ಮೂರ್ತಿಗಳೆಂದು ನಾವು ಹೇಳುತ್ತಿಲ್ಲ. ಮುಂಬಯಿಯ ಹಡಗು ಕಂಪೆನಿಯೊಂದರಲ್ಲಿ ಗಂಡಸು ಶೀಘ್ರಲಿಪಿಕಾರರಿಗೆ ಒಂದು ಸಂಬಳ, ಹೆಂಗಸರಿಗೆ ಕಡಮೆ ಸಂಬಳ ಇತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ಕಂಪೆನಿಯವರು ಹೇಳಿದ್ದೇನು? ನೌಕರರ ಸಂಘದೊಡನೆ ಆದ ಒಪ್ಪಂದದಂತೆಯೇ ಕೊಡುತ್ತಿದ್ದೇವೆ ಎಂದು. ಸಂಘ ಸಹಿ ಹಾಕಿದ್ದರಿಂದ ತಾರತಮ್ಯ ನ್ಯಾಯವಾಗುವುದಿಲ್ಲವೆಂದು 1987ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಸಮನಾಗಿ ಕೊಡುವ ಶಕ್ತಿ ಇಲ್ಲವೆಂಬ ಕಾರಣವೂ ಸಲ್ಲದೆಂದಿತು. ಈ ಎರಡನೆಯ ಮಾತು ನಮಗೂ ಹೇಳಿದಂತಿದೆ.

ಇನ್ನೊಂದು ಉದಾಹರಣೆ ಪಕ್ಕದ ಕೇರಳದ ಮುನ್ನಾರ್ ಚಹಾ ತೋಟಗಳದ್ದು. ಅಲ್ಲಿ ಸಂಘಗಳಿಗೇನೂ ಕೊರತೆ ಇರಲಿಲ್ಲ. ದಶಕಗಳ ಹಳೆಯ ಸಂಘಗಳು. ಎಲೆ ಕೀಳುವವರು ಹೆಂಗಸರು, ಅವರಲ್ಲಿ ಬಹುಪಾಲು ತಮಿಳು ಮಾತನಾಡುವ ದಲಿತ ಸಂಸಾರಗಳವರು. ಮಾತುಕತೆಯ ಮೇಜಿನ ಮುಂದೆ ಕುಳಿತವರು ಗಂಡಸರು. 2015ರ ಸೆಪ್ಟೆಂಬರ್‌ನಲ್ಲಿ ಬೋನಸ್ ಶೇಕಡ 10ಕ್ಕೆ ಇಳಿದಾಗ ಸಾವಿರಾರು ಹೆಂಗಸರು ಹೆದ್ದಾರಿಯಲ್ಲಿ ಕುಳಿತರು. ಶೇಕಡ 20 ಬೇಕೆಂದರು. ಸಂಘದ ನಾಯಕರೂ ರಾಜಕೀಯ ಮುಖಂಡರೂ ಹತ್ತಿರ ಬರಕೂಡದೆಂದರು. ತಮ್ಮ ಕೂಟಕ್ಕೆ 'ಪೆಂಬಿಳೈ ಒರುಮೈ', ಅಂದರೆ ಹೆಂಗಸರ ಒಗ್ಗಟ್ಟು, ಎಂದು ಹೆಸರಿಟ್ಟರು. ಒಂಬತ್ತು ದಿನಗಳಲ್ಲಿ ಬೋನಸ್ ಮತ್ತು ವಿಶೇಷ ಭತ್ಯೆ ಸೇರಿ ಶೇಕಡ 20 ಸಿಕ್ಕಿತು. ಅಕ್ಟೋಬರ್‌ನಲ್ಲಿ ಚಹಾ ತೋಟಗಳ ದಿನಗೂಲಿ 232ರಿಂದ 301 ರೂಪಾಯಿಗೆ ಏರಿತು. ಅವರು ಕೇಳಿದ್ದು 500. ಆ ಒಗ್ಗಟ್ಟು ಮುಂದೆ ಹಾಗೆಯೇ ಉಳಿಯಲಿಲ್ಲವೆಂಬುದೂ ನಿಜವೇ. ಆದರೆ ಸಂಘದ ಪುಸ್ತಕದಲ್ಲಿ ಹೆಸರಿದ್ದರೆ ಸಾಲದು, ಮಾತುಕತೆಯ ಮೇಜಿನಲ್ಲಿ ಜಾಗ ಬೇಕು ಎಂಬುದನ್ನು ದಕ್ಷಿಣದ ಎಲ್ಲ ತೋಟಗಳಿಗೂ ಅವರು ತಿಳಿಸಿಕೊಟ್ಟರು.

ಮಾಲೀಕ ಯಾರೆಂದೇ ಇಲ್ಲದವರು

ಈಗ ನಮ್ಮ ಹಿರಿಯ ಸದಸ್ಯರ ಪ್ರಶ್ನೆಗೆ ಬರೋಣ. ನಮ್ಮ ತೋಟಗಳಲ್ಲಿ ಸಂಘವಿಲ್ಲ. ತೋಟ ಕಾರ್ಮಿಕರ ಕಾಯಿದೆಯೂ, 1981ರ ತಿದ್ದುಪಡಿಯ ನಂತರ, ಐದು ಹೆಕ್ಟೇರು ಮತ್ತು ಹದಿನೈದು ಆಳುಗಳಿಗೆ ಕಡಮೆ ಇದ್ದ ತೋಟಕ್ಕೆ ಅನ್ವಯಿಸುತ್ತಿರಲಿಲ್ಲ. ನಮ್ಮಲ್ಲಿಗೆ ಬರುವವರು ಇಂದು ನಮ್ಮ ತೋಟ, ನಾಳೆ ನೆರೆಯವರ ತೋಟ, ನಾಡಿದ್ದು ಇನ್ನೊಬ್ಬರ ಅಂಗಳದಲ್ಲಿ ಅಡಿಕೆ ಸುಲಿಯುವುದು. ಇಂಥವರಿಗೆ ಯಾರು ಮಾಲೀಕ?

ಇದೇ ಪ್ರಶ್ನೆ 1972ರಲ್ಲಿ ಅಹಮದಾಬಾದಿನಲ್ಲಿ ಎದ್ದಿತು. ತಲೆಹೊರೆ ಹೊರುವವರು, ಮನೆಯಲ್ಲಿ ಹೊಲಿಯುವವರು, ತರಕಾರಿ ಮಾರುವವರು ಮೊದಲಾದ ಹೆಂಗಸರನ್ನು ಸೇರಿಸಿ ಇಳಾ ಭಟ್ ಅವರು 'ಸೇವಾ' ಎಂಬ ಸಂಘ ಕಟ್ಟಲು ಹೋದಾಗ, ಮಾಲೀಕನೇ ಇಲ್ಲದ ಮೇಲೆ ಯಾರ ವಿರುದ್ಧ ಸಂಘ ಎಂದು ಅಧಿಕಾರಿಗಳು ನೋಂದಣಿಗೆ ಹಿಂದೆಗೆದರು. ಸಂಘವೆಂದರೆ ಯಾರದೋ ವಿರುದ್ಧ ಎಂದಲ್ಲ, ದುಡಿಯುವವರ ಒಗ್ಗಟ್ಟಿಗಾಗಿ ಎಂದು ವಾದಿಸಿ ಅವರು ನೋಂದಣಿ ಪಡೆದರು. 1974ರಲ್ಲಿ ಆ ಹೆಂಗಸರದೇ ಸಹಕಾರಿ ಬ್ಯಾಂಕೂ ಹುಟ್ಟಿತು. ಸಂಘವೂ ಸಹಕಾರವೂ ಒಂದೇ ಬೇರಿನವು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

1981ರಲ್ಲಿ ಗುಜರಾತಿನಲ್ಲಿ ವೈದ್ಯಕೀಯ ಶಿಕ್ಷಣದ ಮೀಸಲಾತಿಯ ವಿರುದ್ಧ ಗಲಭೆಯಾಗಿ ದಲಿತರ ಮೇಲೆ ಹಲ್ಲೆಗಳಾದಾಗ ಇಳಾ ಭಟ್ ಅವರು ದಲಿತರ ಪರವಾಗಿ ಬಹಿರಂಗವಾಗಿ ಮಾತನಾಡಿದರು. 'ಸೇವಾ'ಗೆ ಆಶ್ರಯ ಕೊಟ್ಟಿದ್ದ ಗಾಂಧೀಜಿಯವರ ಕಾಲದ ಗಿರಣಿ ಕಾರ್ಮಿಕರ ಸಂಘವೇ ಅದನ್ನು ಹೊರಹಾಕಿತು. 'ಸೇವಾ' ಕುಗ್ಗಲಿಲ್ಲ, ಬೆಳೆಯಿತು. ಸದಸ್ಯರಲ್ಲಿ ಎಲ್ಲ ಜಾತಿಯವರೂ ಹಿಂದೂ ಮುಸ್ಲಿಂ ಹೆಂಗಸರೂ ಇದ್ದ ಸಂಘಕ್ಕೆ ಅಂದು ಸುಮ್ಮನಿರುವುದು ಸಾಧ್ಯವಿರಲಿಲ್ಲ.

ನಾವೇನು ಮಾಡಬಹುದು?

ಹಾಗಾದರೆ ಆಳುಗಳ ಸಂಘವನ್ನು ನಾವೇ ಕಟ್ಟಿಕೊಡಬೇಕೆ ಎಂದು ಯಾರಾದರೂ ಕೇಳಬಹುದು. ಅದು ನಮ್ಮ ಕೆಲಸವಲ್ಲ; ಅವರು ಕಟ್ಟಿಕೊಂಡರೆ ಅಡ್ಡ ನಿಲ್ಲದಿರುವುದು ನಮ್ಮ ಕೆಲಸ. ಸಂಘ ಬಂದು ಕೇಳುವವರೆಗೂ ಕಾಯದೆ ಮಾಡಬಹುದಾದ ಕೆಲವನ್ನು ಕೆಳಗೆ ಕೊಟ್ಟಿದ್ದೇವೆ.

1. ಚೆಕ್‌ರೋಲನ್ನು ಕೆಲಸವಾರು ಬರೆಯೋಣ. ಗಂಡಾಳು, ಹೆಣ್ಣಾಳು ಎಂಬ ಎರಡು ಪಟ್ಟಿ ಬೇಡ. ಚಿಗುರು ತೆಗೆಯುವುದಕ್ಕೆ ಇಷ್ಟು, ಗೊಬ್ಬರ ಹಾಕುವುದಕ್ಕೆ ಇಷ್ಟು, ಮರಗಸಿಗೆ ಇಷ್ಟು. ಮರ ಹತ್ತುವವನಿಗೆ ಅಪಾಯಕ್ಕೂ ನೈಪುಣ್ಯಕ್ಕೂ ತಕ್ಕಂತೆ ಹೆಚ್ಚು ಕೊಡುವುದು ತಾರತಮ್ಯವಲ್ಲ. ಆದರೆ ಅವನೇ ಮರುದಿನ ಕಳೆ ತೆಗೆಯಲು ಬಂದರೆ ಕಳೆ ತೆಗೆಯುವ ದರ ಎಲ್ಲರಿಗೂ ಒಂದೇ ಇರಬೇಕು.

2. ಇದಕ್ಕೆ ತಗಲುವ ಖರ್ಚನ್ನು ಮುಚ್ಚಿಡುವುದಿಲ್ಲ. ಲೆಕ್ಕಕ್ಕೆಂದು ನಾಲ್ಕು ಹೆಣ್ಣಾಳು, ವರ್ಷಕ್ಕೆ ನೂರು ದಿನ, ದಿನಕ್ಕೆ ನೂರು ರೂಪಾಯಿ ವ್ಯತ್ಯಾಸ ಎಂದಿಟ್ಟುಕೊಳ್ಳೋಣ. ಮೇಲುನೋಟಕ್ಕೆ 40,000 ರೂಪಾಯಿ ಹೆಚ್ಚು. ಆದರೆ ಅದರಲ್ಲಿ ಅರ್ಧ ದಿನಗಳು ಕಿಲೋ ಲೆಕ್ಕದ ಹಣ್ಣು ಕೊಯ್ಲು ಮತ್ತು ಅಡಿಕೆ ಸುಲಿತ. ಅಲ್ಲಿ ವ್ಯತ್ಯಾಸವೇ ಇಲ್ಲ. ಉಳಿದದ್ದು 20,000. ಕೊಯ್ಲಿನ ಹೊತ್ತಿಗೆ ನಾಲ್ಕು ಕೈ ಬಾರದೆ ಹಣ್ಣು ಗಿಡದಲ್ಲೇ ಒಣಗಿ ಉದುರಿದರೆ ಆಗುವ ನಷ್ಟವನ್ನು ಇದರ ಪಕ್ಕದಲ್ಲಿಟ್ಟು ಪ್ರತಿಯೊಬ್ಬರೂ ತಮ್ಮ ತೋಟದ ಲೆಕ್ಕ ಹಾಕಿ ನೋಡಬೇಕು.

3. ಕೆಲಸ ಕಲಿಸುವಾಗ ಹೆಂಗಸರನ್ನೂ ಕರೆಯೋಣ. ಗಿಡ ಕಸಿ, ಯಂತ್ರದಲ್ಲಿ ಕಳೆ ಕತ್ತರಿಸುವುದು, ಪಲ್ಪರ್ ನಡೆಸುವುದು, ತೂಕ ಬರೆಯುವುದು ಇವೆಲ್ಲ ಕಲಿತರೆ ಬರುವ ವಿದ್ಯೆಗಳು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಕೊನೆ ಕೊಯ್ಲನ್ನು ನೆಲದಲ್ಲಿ ನಿಂತೇ ಮಾಡಬಹುದಾಗಿದೆ. ಕೊನೆಗಾರರು ಸಿಗದೆ ಪರದಾಡುವ ನಾವು ಈ ಕೆಲಸ ಗಂಡಸಿನದೇ ಎಂದು ಕುಳಿತರೆ ನಷ್ಟ ನಮ್ಮದೇ.

4. ಅಸ್ಸಾಂ, ಬಂಗಾಳ, ಜಾರ್ಖಂಡಗಳಿಂದ ಬಂದವರನ್ನು ಸ್ಥಳೀಯರ ಕೂಲಿ ಇಳಿಸುವ ಸಾಧನವಾಗಿ ಬಳಸಬಾರದು. ಹವಾಯಿಯ ಮಾಲೀಕರು ಒಂದು ಜನಾಂಗವನ್ನು ಇನ್ನೊಂದರ ಮೇಲೆ ಬಿಟ್ಟದ್ದರ ಫಲ ಮೂವತ್ತೇಳು ವರ್ಷದ ಕಹಿ. ಅವರಿಗೂ ಅದೇ ದರ ಕೊಟ್ಟು, ದರವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿಸೋಣ. ಹಣವನ್ನು ಕರೆತಂದವನ ಕೈಗೆ ಕೊಡದೆ ದುಡಿದವರ ಕೈಗೇ ಕೊಡೋಣ.

5. ಹದಿನಾರರಿಂದ ಐವತ್ತೊಂಬತ್ತು ವರ್ಷದ ಅಸಂಘಟಿತ ಕಾರ್ಮಿಕರ ನೋಂದಣಿಗೆ 2021ರಲ್ಲಿ ಇ-ಶ್ರಮ್ ವ್ಯವಸ್ಥೆ ಬಂದಿದೆ. ನಮ್ಮಲ್ಲಿಗೆ ಬರುವವರ ಹೆಸರು ನೋಂದಾಯಿಸಲು ಸಹಾಯ ಮಾಡುವುದು ಅರ್ಧ ದಿನದ ಕೆಲಸ.

6. ಹೆಂಗಸರ ಮಾನಕ್ಕೆ ಕುಂದು ಬಂದರೆ ದೂರು ಕೊಡುವ ದಾರಿಯೂ ತಿಳಿದಿರಬೇಕು. 2013ರ ಕಾಯಿದೆಯಂತೆ ಹತ್ತು ಮಂದಿಗಿಂತ ಕಡಮೆ ಕೆಲಸಗಾರರಿರುವ ಕಡೆಯ ಹೆಂಗಸರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇದನ್ನು ಅವರಿಗೆ ಹೇಳುವುದರಿಂದ ಸಜ್ಜನರಿಗೆ ಯಾವ ಹಾನಿಯೂ ಇಲ್ಲ.

ಕೊನೆಯದಾಗಿ ಒಂದು ಮಾತು. ಹವಾಯಿಯಿಂದ ಮುನ್ನಾರಿನವರೆಗೆ ಕಂಡದ್ದು ಒಂದೇ ಸತ್ಯ. ಹೊರಗೆ ಬಿಟ್ಟವರ ಅಗ್ಗದ ಕೂಲಿಯೇ ಒಳಗಿರುವವರ ಕೂಲಿಯನ್ನೂ ಕೆಳಗೆ ಎಳೆಯುತ್ತದೆ; ಎಲ್ಲರನ್ನೂ ಸೇರಿಸಿಕೊಂಡ ಸಂಘ ಮಾತ್ರ ನಿಲ್ಲುತ್ತದೆ. ಈ ಮಾತು ಸಹಕಾರಿಗಳಾದ ನಮಗೂ ಅನ್ವಯಿಸುತ್ತದೆ. ನಮ್ಮ ಸದಸ್ಯರ ಪುಸ್ತಕ ತಿರುವಿ ಹಾಕಿದರೆ, ತೋಟ ನೋಡಿಕೊಳ್ಳುವುದು ಹೆಂಡತಿಯಾದರೂ ಷೇರು ಗಂಡನ ಹೆಸರಿನಲ್ಲಿರುವುದು ಎಷ್ಟು ಮನೆಗಳಲ್ಲಿ! ಆಡಳಿತ ಮಂಡಳಿಯ ಮೇಜಿನ ಸುತ್ತ ಕುಳಿತವರು ಯಾರು ಯಾರು ಎಂಬುದನ್ನೂ ಒಮ್ಮೆ ನೋಡಿಕೊಳ್ಳೋಣ.

ನಮ್ಮ ತೋಟದ ಮಟ್ಟಿಗೆ ಈ ವರ್ಷದ ಹೊಸ ಚೆಕ್‌ರೋಲಿನಲ್ಲಿ ನಡುವಿನ ಗೆರೆ ಎಳೆದಿಲ್ಲ. ಹಿಂದೆ ಪ್ರಶ್ನೆ ಕೇಳಿದ ಆ ಹೆಣ್ಣುಮಗಳು ಈಗ ಎರಡು ಮೈಲಿ ಆಚೆಯ ತೋಟವೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆಂದು ತಿಳಿದು ಹೇಳಿಕಳುಹಿಸಿದೆವು. "ಅಲ್ಲೂ ಈಗ ಒಂದೇ ಕೂಲಿ ಮಾಡವ್ರೆ, ಅಲ್ಲೇ ಇರ್ತೀನಿ ಅಂತ ಹೇಳ್ಬುಡಿ" ಎಂದು ಉತ್ತರ ಬಂತು. ತಡವಾದದ್ದಕ್ಕೆ ತೆರಬೇಕಾದ ಬೆಲೆ ಅದು.

ಮುಂದಿನ ಮಹಾಸಭೆಯಲ್ಲಿ, ನಮ್ಮ ಸದಸ್ಯರ ತೋಟಗಳಿಗೆಲ್ಲ ಕೆಲಸವಾರು ದರಪಟ್ಟಿಯೊಂದನ್ನು ಸಿದ್ಧಪಡಿಸುವ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿದ್ದೇವೆ. ಸದಸ್ಯರು ತಮ್ಮ ತೋಟದ ಲೆಕ್ಕದೊಡನೆ ಬಂದು ಅಭಿಪ್ರಾಯ ತಿಳಿಸಬೇಕಾಗಿ ಕೋರುತ್ತೇವೆ. ಒಪ್ಪದವರು ತಪ್ಪದೆ ಬರಬೇಕು. ಅವರ ಮಾತಿಗೆ ಊಟದ ಮೊದಲೇ ಸಮಯವಿಟ್ಟಿದ್ದೇವೆ.

ಇತಿ,
ಕಾರ್ಯದರ್ಶಿ